ಊರಿಗೊಬ್ಬ ಮನೆ ಅಳಿಯ

ಆ ಊರಿಗೆ ಹೆಸರಿರಲಿಲ್ಲ. ಮದುವೆಯಾದಾಗಲೆಲ್ಲ ಹೊಸ ಗಂಡ ಬಂದು ಹೊಸ ಹೆಸರಿಡುತ್ತಿದ್ದ, ಅವನು ಹೋದಾಗ ಹೆಸರೂ ಅವನ ಹಿಂದೆಯೇ ಹೋಗುತ್ತಿತ್ತು. ಕಡೆಗೆ ಜನ ಬೇಸತ್ತು ಬರೀ 'ಊರು' ಅನ್ನೋಕೆ ಶುರುಮಾಡಿದರು.

ಹೌದು, ಊರಿಗೇ ಮದುವೆ. ಅಲ್ಲಿಯ ಕಟ್ಟಳೆಯೇ ಹಾಗೆ. ಹೆಬ್ಬಾಗಿಲ ಮುಂದೆ ಒಂದು ಕಲ್ಲುಕಂಬ. ಅದೇ ಊರಿನ ಕೊರಳು. ಊರನ್ನು ಆಳಬೇಕು ಅನ್ನುವವನು ಬಂದು ಆ ಕೊರಳಿಗೆ ಅರಿಶಿನದ ದಾರ ಕಟ್ಟಬೇಕು. ದಾರ ಇರುವ ತನಕ ಊರಿನ ಒಲೆಗಳು ಉರಿಯುತ್ತವೆ. ದಾರ ಹರಿದರೆ ಎಲ್ಲ ಒಲೆಗಳೂ ಆರಿಹೋಗುತ್ತವೆ. ಆಮೇಲೆ ತುಪ್ಪ ಸುರಿದರೂ ಹೊಗೆ, ಕರ್ಪೂರ ಇಟ್ಟರೂ ಹೊಗೆ.

ಹಿಂದಿನ ಗಂಡ ಒಬ್ಬ ರಾಜ. ಅವನ ದಾರ ಹರಿದ ಕಥೆ ಕೇಳಿದರೆ ನಗಬೇಕೋ ಮೂಗಿನ ಮೇಲೆ ಬೆರಳಿಡಬೇಕೋ ತಿಳಿಯದು. ಒಂದು ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ದಾರ ತನ್ನಷ್ಟಕ್ಕೆ ತಾನೇ ಉದುರಿಬಿತ್ತು. ಒಲೆ ಆರಿತು, ಉಕ್ಕುತ್ತಿದ್ದ ಹಾಲು ಅರ್ಧಕ್ಕೆ ಕೂತಿತು. ಜನ ಓಡಿಹೋಗಿ ಅರಮನೆಯ ಬಾಗಿಲು ನೂಕಿದರು. ಸಿಂಹಾಸನದ ಮೇಲೆ ಒಂದು ದಿಂಬು. ದಿಂಬಿನ ಮೇಲೆ ಕಿರೀಟ. ಅಕ್ಕಪಕ್ಕ ಇಬ್ಬರು ನಿಂತು ದಿಂಬಿಗೆ ಚಾಮರ ಬೀಸುತ್ತಿದ್ದರು. ರಾಜ ಸತ್ತು ಯಾವ ಕಾಲವಾಗಿತ್ತೋ. ಮಂತ್ರಿ ದಿನಾ ದಿಂಬಿನ ಹತ್ತಿರ ಕಿವಿಯಿಟ್ಟು, ಹೂಂ ಹೂಂ ಅಂತ ತಲೆಯಾಡಿಸಿ, ಹೊರಗೆ ಬಂದು ಅಪ್ಪಣೆ ಸಾರುತ್ತಿದ್ದನಂತೆ. ಹತ್ತಿ ತುಂಬಿದ ದಿಂಬಿನ ಮಾತಿಗೆ ಜನ ಊರು ಬಿಟ್ಟಿದ್ದರು, ಬೆನ್ನಿಗೆ ಚಾಟಿ ತಿಂದಿದ್ದರು. ರಾಣಿಗೆ ಗೊತ್ತಿರಲಿಲ್ಲವಾ ಅಂತ ಕೇಳಬೇಡಿ. ದಿಂಬು ಮೊದಲಿನವನಿಗಿಂತ ವಾಸಿ ಅನ್ನಿಸಿರಬೇಕು ಅವಳಿಗೆ.

ಆ ರಾಜನ ಸಂಬಂಧ ತಂದವಳು ಅಕ್ಕ.

ಊರಿಗೆ ಗಂಡು ಹುಡುಕುವುದು ಒಂದೇ ಮನೆತನದ ಕೆಲಸ. ಆ ಮನೆಯ ಹೆಂಗಸಿಗೆ 'ನಡುವಿನವಳು' ಅನ್ನುತ್ತಿದ್ದರು. ಸಂಬಂಧ ಕುದುರಿ ಊರು ಸುಖವಾಗಿದ್ದರೆ ನಡುವಿನವಳಿಗೆ ಸೀರೆ, ಹೂವು, ಮೆರವಣಿಗೆ. ಗಂಡ ಕೆಟ್ಟವನಾದರೆ ಅವಳ ಹಲ್ಲುಗಳ ನಡುವೆ ಒಂದು ಅರಿಶಿನದ ಕೊಂಬು. ಅದನ್ನು ಕಚ್ಚಿಕೊಂಡು ಕೂರಬೇಕು, ಮಾತಾಡುವಂತಿಲ್ಲ. ಹೊಸ ಗಂಡ ಬಂದು, ಊರಿನ ಎಲೆಗೆಲ್ಲ ಬಿಸಿ ಅನ್ನ ಬಿದ್ದ ದಿನವೇ ಕೊಂಬು ಹೊರಗೆ.

ಅಕ್ಕ ಅಂದರೆ ಎಂಥ ಬಾಯಿ. ಅವಳು ಬಾವಿಕಟ್ಟೆಯಲ್ಲಿ ಕೂತು ಮಾತು ಶುರುಮಾಡಿದರೆ ಕೊಡ ತುಂಬಿ ಹರಿದದ್ದೂ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಯಾರ ಸೊಸೆ ಯಾರ ಹಿತ್ತಿಲ ಬೇಲಿ ದಾಟಿದಳು, ಯಾವ ಪುರೋಹಿತ ಯಾರ ಮನೆಯ ಕತ್ತಲೆ ಕೋಣೆಯಲ್ಲಿ ಮೊಟ್ಟೆ ತಿಂದ, ಎಲ್ಲ ಅವಳ ನಾಲಿಗೆಯ ತುದಿಯಲ್ಲೇ. ಅಂಥವಳು, ರಾಜ ಕೆಟ್ಟವನೆಂದು ಊರಿಗೆ ತಿಳಿದಂದಿನಿಂದ, ಜಗಲಿಯ ಮೂಲೆಯಲ್ಲಿ ಗೊಂಬೆಯ ಹಾಗೆ ಕೂತಿದ್ದಳು. ತುಟಿ ಹಳದಿ, ಗದ್ದ ಹಳದಿ. ಬಾಯಿಯ ಸಂದಿಯಿಂದ ಗಂಜಿ ಹೀರುತ್ತಿದ್ದಳು. ಕಣ್ಣು ಮಾತ್ರ ಹಾದುಹೋಗುವವರನ್ನೆಲ್ಲ ಹಿಡಿದು, ಅಳೆದು, ಬಿಡುತ್ತಿತ್ತು.

ಈ ಸಲ ನಡುವಿನವಳ ಪಟ್ಟ ತಂಗಿಗೆ ಬಂತು. ಅವಳಿಗೂ ವಯಸ್ಸಾಗಿತ್ತು. ಗಂಡ ಹೋಗಿದ್ದ, ಹಲ್ಲು ಅರ್ಧ ಹೋಗಿದ್ದವು, ಉಳಿದಿದ್ದ ಆಸ್ತಿ ನಾಲಿಗೆ ಒಂದೇ. ಊರಿನ ಯಜಮಾನ ಬಂದು ಅವಳ ಸೆರಗಿನ ತುದಿಗೆ ಹೊಸ ಅರಿಶಿನದ ಕೊಂಬು ಕಟ್ಟಿದ. ಯಜಮಾನನ ಹಿಂದೆ ಅವನ ಮನೆ ಅಳಿಯ ಛತ್ರಿ ಹಿಡಿದು ನಿಂತಿದ್ದ. ಮಾವನ ಮನೆಯಲ್ಲೇ ಇದ್ದು, ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವವನು.

"ಇದು ನಿನ್ನದು ಕಣೇ. ಸೆರಗಲ್ಲೇ ಇರುತ್ತೋ ಬಾಯಿಗೆ ಬರುತ್ತೋ, ನೀನು ತರೋ ಗಂಡಿನ ಮೇಲಿದೆ," ಅಂದ ಯಜಮಾನ. "ಉಪ್ಪಿನಕಾಯಿ ಜಾಡಿಗಳು ಬರಿದಾಗೋದರೊಳಗೆ ಬಾ. ನೆನೆಸಿದ ಅವಲಕ್ಕಿ ತಿಂದು ತಿಂದು ಊರಿಗೆ ಹೊಟ್ಟೆ ನುಲಿತ ಬಂದಿದೆ."

"ಛತ್ರಿ ಸರಿಯಾಗಿ ಹಿಡೀರಿ," ಅಂತ ಯಜಮಾನನ ಹೆಂಡತಿ ಅಳಿಯನನ್ನು ಗದರಿದಳು. "ಮಾವನ ಅರ್ಧ ತಲೆ ಸುಡ್ತಾ ಇದೆ." ಅಳಿಯ ಛತ್ರಿಯನ್ನು ಎರಡು ಬೆರಳಷ್ಟು ಸರಿಸಿದ.

ನಡುವಿನವಳಿಗೆ ಇನ್ನೊಂದು ಕಟ್ಟಳೆ ಇತ್ತು. ಗಂಡಿನ ಮನೆಯಲ್ಲಿ ನೀರು ಮಾತ್ರ ಕುಡಿಯಬಹುದು. ಒಂದು ತುತ್ತು ಬಾಯಿಗಿಟ್ಟರೆ ಸಂಬಂಧ ಒಪ್ಪಿದ ಹಾಗೆ. ಅಕ್ಕ ಆ ಕಟ್ಟಳೆ ಮೀರದೆ ನೀರು ಕುಡಿದು, ಆನೆ ನೋಡಿ, ಮೀಸೆ ನೋಡಿ ಬಂದಿದ್ದಳು. ತಂಗಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಸಾರಿನ ರುಚಿ ನೋಡದೆ ಮನೆಯ ರುಚಿ ಯಾವಳಿಗೆ ತಿಳಿಯುತ್ತೆ. ನಾನು ತಿನ್ನುತ್ತೇನೆ. ತಿಂದು, ಉಪ್ಪು ಇರಲಿ ಬಿಡಲಿ, ಸಾರಿಗೆ ಉಪ್ಪು ಸಾಲದು ಅನ್ನುತ್ತೇನೆ. ಅಂದ ಮೇಲೆ ಏನಾಗುತ್ತೋ ನೋಡುತ್ತೇನೆ. ಅಷ್ಟು ದೂರದ ಊರಲ್ಲಿ ತಿಂದದ್ದನ್ನು ನೋಡಿ ಬಂದು ಹೇಳುವವರು ಯಾರು?

ನಿಜ ಹೇಳಬೇಕೆಂದರೆ ಬಿಸಿ ಸಾರೆಂದರೆ ಅವಳ ಬಾಯಲ್ಲೂ ನೀರೂರುತ್ತಿತ್ತು.

ಮೊದಲು ಸಿಕ್ಕಿದ್ದು ಆನೆಯ ಊರು. ಅಲ್ಲಿ ಒಬ್ಬನೇ ದೊರೆ, ಅವನಪ್ಪನೂ ದೊರೆ, ತೊಟ್ಟಿಲಲ್ಲಿದ್ದ ಮಗುವೂ ದೊರೆ. ಅರಮನೆಯ ಪಂಕ್ತಿಯಲ್ಲಿ ಬೆಳ್ಳಿಯ ತಟ್ಟೆ ಹಾಕಿ ಕೂರಿಸಿದರು. ಅವಳು ಒಂದು ತುತ್ತು ಕಲಸಿ ಬಾಯಿಗಿಟ್ಟು, ಗಟ್ಟಿಯಾಗಿ ಅಂದಳು: "ಸಾರಿಗೆ ಉಪ್ಪು ಸಾಲದು."

ಪಂಕ್ತಿಯ ಕೈಗಳೆಲ್ಲ ತಟ್ಟೆಗೂ ಬಾಯಿಗೂ ನಡುವೆ ನಿಂತವು. ಎಲ್ಲರೂ ದೊರೆಯ ಕಡೆ ನೋಡಿದರು. ದೊರೆ ಬೆರಳು ನೆಕ್ಕಿ, ಮೇಲೆ ಸೂರು ನೋಡಿ, ಯೋಚಿಸಿ, "ಸರಿಯಾಗಿದೆ," ಅಂದ. ಪಂಕ್ತಿಯ ಆ ತುದಿಯಿಂದ ಈ ತುದಿಗೆ "ಸರಿಯಾಗಿದೆ, ಸರಿಯಾಗಿದೆ" ಅಂತ ಹರಿದುಬಂತು.

ಪಕ್ಕದಲ್ಲಿ ಕೂತಿದ್ದವನು ದೊರೆಯ ಭಾವಮೈದ. ಅವಳ ಕಿವಿಗೆ ಬಗ್ಗಿದ. "ಇದೇನು ಮಹಾ. ಹೋದ ವರ್ಷ ಪಾಯಸ ಖಾರ ಅಂದುಬಿಟ್ಟರು ದೊರೆ. ಅವತ್ತಿನಿಂದ ಪಾಯಸ ತಿಂದಾಗೆಲ್ಲ ನಾವು ಉಸ್ ಉಸ್ ಅಂತ ನೀರು ಕುಡೀತೀವಿ."

"ದೊರೆ ಒಳ್ಳೆಯವರಾ?"

"ಇವತ್ತು ಒಳ್ಳೆಯವರೇ. ನಾಳೇದು ಎದ್ದಾಗ ಗೊತ್ತಾಗುತ್ತೆ."

ಊಟವಾದ ಮೇಲೆ ಕುಂಬಳಕಾಯಿ ಪಾಯಸ ಬಂತು. ಇಡೀ ಪಂಕ್ತಿ ಉಸ್ ಉಸ್ ಅಂತು. ಅವಳು "ನೋಡಿ ಹೇಳ್ತೀನಿ" ಅಂತ ಎದ್ದುಬಂದಳು.

ಆಮೇಲೆ ಗಂಟೆಯ ಊರು. ಅಲ್ಲಿ ಆಳುವವನು ದೇವರೇ. ದೇವರ ಬಾಯಿ ಮಾತ್ರ ಒಬ್ಬ ಅರ್ಚಕ. ಉಪ್ಪು ಸಾಲದು ಅಂದದ್ದಕ್ಕೆ ಅರ್ಚಕ ಕಿವಿ ಮುಚ್ಚಿಕೊಂಡ. "ಮೊದಲು ದೇವರಿಗೇ ಎಡೆ ಆಗಿದೆ. ಅವನೇ ಉಂಡು ಸುಮ್ಮನಿದ್ದಾನೆ, ನಿನ್ನದೇನಮ್ಮ?"

"ಸುಮ್ಮನಿರೋದು ಅವನ ಗುಣ," ಅಂದಳು ನಡುವಿನವಳು. "ನನ್ನದಲ್ಲ." ಪಾಪ ತೊಳೆಯಲಿಕ್ಕೆ ಅವಳ ತಲೆಯ ಮೇಲೆ ಅಲ್ಲಿಯವರು ಸುರಿದ ತಣ್ಣೀರಿಗೆ ಮುಂದಿನ ಊರು ಸಿಗುವ ತನಕ ಸೀನುತ್ತಿದ್ದಳು.

ಮುಂದಿನದು ಬೂದು ಬಣ್ಣದ ಊರು. ಅಲ್ಲಿ ಎಲ್ಲರೂ ಒಂದೇ. ಒಂದೇ ಬಣ್ಣದ ಬಟ್ಟೆ, ಒಂದೇ ಅಳತೆಯ ತಟ್ಟೆ, ಊರಿಗೆಲ್ಲ ಒಂದೇ ಹಂಡೆ. ಯಾರ ಕೊರಳಲ್ಲೂ ಚೂರು ಚಿನ್ನವಿಲ್ಲ, ಯಾರ ಮನೆಯಲ್ಲೂ ಹಸಿದವರಿಲ್ಲ. ಅವಳಿಗೆ ಮೊದಲು ಹಿಡಿಸಿಬಿಟ್ಟಿತು. ಸಾರು ಗೋಡೆಯ ಒಂದು ಕಿಂಡಿಯಿಂದ ಬಂತು. ಅವಳು ಒಂದು ತುತ್ತು ಕಲಸಿ ತಿಂದು ನೋಡಿದಳು. ಈ ಸಲ ನಿಜವಾಗಿಯೂ ಉಪ್ಪಿರಲಿಲ್ಲ.

"ಸಾರಿಗೆ ಉಪ್ಪು ಸಾಲದು."

ಪಕ್ಕದ ಹೆಂಗಸು ತಟ್ಟೆಯಿಂದ ತಲೆಯೆತ್ತಲಿಲ್ಲ. "ಎಲ್ಲರಿಗೂ ಸಾಲದು. ಸಮಾನವಾಗಿ."

"ಅಡುಗೆ ಯಾರದು?"

"ನಮ್ಮದೇ."

"ಹಾಗಾದರೆ ಎದ್ದುಹೋಗಿ ಒಂದು ಹಿಡಿ ಹಾಕಿ ಬಾ ತಾಯಿ."

"ಅಡುಗೆಮನೆಗೆ ನಮ್ಮನ್ನ ಬಿಡಲ್ಲ."

ನಡುವಿನವಳು ಕಿಂಡಿಯ ಹತ್ತಿರ ಹೋಗಿ ಇಣುಕಿದಳು. ಒಳಗೆ ಯಾರೋ ಇದ್ದರು, ಮುಖ ಕಾಣಿಸಲಿಲ್ಲ. ಒಗ್ಗರಣೆಯ ಘಮ ಮಾತ್ರ ಜೋರಾಗಿ ಬಂತು. ತುಪ್ಪದ ಒಗ್ಗರಣೆ. ಹೊರಗಿನ ಯಾವ ತಟ್ಟೆಯಲ್ಲೂ ತುಪ್ಪ ಇರಲಿಲ್ಲ. ಇದನ್ನು ಅಕ್ಕನಿಗೆ ಹೇಳಬೇಕು ಅಂತ ಅವಳ ನಾಲಿಗೆ ಅಲ್ಲೇ ಕುಣಿಯಿತು. ಆ ಊರಲ್ಲಿ ಹೇಳೋಣವೆಂದರೆ ಯಾರೂ ಕಿವಿಗೊಡಲಿಲ್ಲ. ತುಪ್ಪ ಅಂದ ಕೂಡಲೇ ಎದ್ದು ಬೇರೆ ಜಾಗದಲ್ಲಿ ಕೂತರು.

ಕಡೆಗೆ ಗದ್ದಲದ ಊರು. ಅದರ ಸದ್ದು ಬೆಟ್ಟದ ಆಚೆಯಿಂದಲೇ ಕೇಳುತ್ತಿತ್ತು. ಅತಿಥಿಯನ್ನು ಯಾವ ಬಾಗಿಲಿಂದ ಕರೆದುಕೊಳ್ಳಬೇಕು ಅಂತ ಎರಡು ಗುಂಪು ಜಗಳಕ್ಕೆ ಬಿದ್ದಿದ್ದವು, ಅವಳು ಬೇಲಿ ನುಸುಳಿ ಒಳಗೆ ಹೋದಳು. ಅಲ್ಲಿ ರಾಜನಿಲ್ಲ. ಒಂದು ಸೌಟು ಇದೆ. ಕೈ ಎತ್ತಿ ಎತ್ತಿ, ಕೂಗಾಡಿ, ಯಾರಿಗೆ ಹೆಚ್ಚು ಕೈ ಏಳುತ್ತೋ ಅವನ ಕೈಗೆ ಸೌಟು ಕೊಡುತ್ತಾರೆ. ಒಂದಷ್ಟು ಕಾಲ ಬಡಿಸಿದ ಮೇಲೆ ಕಿತ್ತುಕೊಳ್ಳುತ್ತಾರೆ.

"ಸಾರಿಗೆ ಉಪ್ಪು ಸಾಲದು," ಅಂದಳು. ಅಷ್ಟೇ. ಪಂಕ್ತಿಗೆ ಪಂಕ್ತಿಯೇ ಎದ್ದುನಿಂತಿತು.

"ಸಾಲದು ಅಂತ ನಾನು ಬೆಳಿಗ್ಗೆಯಿಂದ ಬಡ್ಕೊಳ್ತಿದೀನಿ."

"ನಿನ್ನ ನಾಲಿಗೆಗೆ ಸಮುದ್ರ ಸುರಿದರೂ ಸಾಲದು, ಕೂತ್ಕೊ."

ಸೌಟಿನವನು ಮುಖ ಕೆಂಪಗೆ ಮಾಡಿಕೊಂಡ. "ನನ್ನದೇನು ತಪ್ಪು? ಹಿಂದಿನ ಸೌಟಿನವನು ಉಪ್ಪಿನ ಮರಿಗೆಯ ತಳಾನೂ ಗುಡಿಸಿಟ್ಟು ಹೋಗಿದಾನೆ. ಮುಂದಿನ ಸಲವೂ ನನಗೇ ಸೌಟು ಕೊಡಿ, ಉಪ್ಪಿನ ಗುಡ್ಡವನ್ನೇ ತಂದು ನಿಲ್ಲಿಸ್ತೀನಿ."

"ಹೋದ ಸಲ ತುಪ್ಪದ ಕೆರೆ ಅಂದಿದ್ದೆ," ಅಂದಳು ಒಬ್ಬ ಮುದುಕಿ. "ಮೀನು ಹಿಡಿಯೋಕೆ ಬಲೆ ತಂದಿಟ್ಕೊಂಡಿದ್ದೆ ನಾನು." ಎಲ್ಲರೂ ನಕ್ಕರು. ಸೌಟಿನವನೂ ಹಲ್ಲು ಕಚ್ಚಿಕೊಂಡು ನಕ್ಕ.

ಕೂಗಾಟ ಮುಗಿಯುವ ಹೊತ್ತಿಗೆ ಸಾರು ಆರಿ ಕೆನೆಗಟ್ಟಿತ್ತು. ಆದರೆ ಉಪ್ಪು ಬಂತು. ತಡವಾಗಿ, ಗೊಣಗಿಕೊಂಡು, ಸ್ವಲ್ಪ ಚೆಲ್ಲಿಕೊಂಡು, ಬಂತು. ಮತ್ತೆ ಅಲ್ಲಿಯ ಬಾವಿಕಟ್ಟೆ. ಒಂದು ಕೊಡ ನೀರು ಸೇದುವಷ್ಟರಲ್ಲಿ ಸೌಟಿನವನ ಮನೆಯ ಹುಳುಕೆಲ್ಲ ಅವಳಿಗೆ ಬಾಯಿಪಾಠ. ಅವನ ತಮ್ಮ ಉಪ್ಪಿನ ಮೂಟೆ ಎಲ್ಲಿ ಬಚ್ಚಿಟ್ಟಿದ್ದಾನೆ, ಅವನ ನಾದಿನಿಗೆ ಯಾರ ಮೂಗುಬೊಟ್ಟು ಬಂತು, ಎಲ್ಲ. ಹೇಳುವವರು ಹಿಂದೆ ಮುಂದೆ ನೋಡುತ್ತಿರಲಿಲ್ಲ. ಸ್ವರ್ಗ ಅಂತ ಒಂದಿದ್ದರೆ ಅಲ್ಲೂ ಇಂಥ ಬಾವಿಕಟ್ಟೆ ಇರಬೇಕು ಅನ್ನಿಸಿತು ಅವಳಿಗೆ.

ಆದರೂ ಹೊರಡುವಾಗ ಅವಳ ಮನಸ್ಸು ಇಬ್ಬಗೆಯಾಗಿತ್ತು. ಹಸಿದ ಊರಿಗೆ ಆರಿದ ಸಾರಿನ ಸಂಬಂಧ ಹೇಗೆ ತರೋದು? ತಂದರೆ ಬೈಯುತ್ತಾರೆ. ತರದಿದ್ದರೆ ಕೊಂಬು. ನಡೆದಾಗಲೆಲ್ಲ ಸೆರಗಿನ ಗಂಟು ಮೊಣಕಾಲಿಗೆ ಬಡಿಯುತ್ತಿತ್ತು.

ಊರಿಗೆ ಬಂದರೆ ಕಲ್ಲುಕಂಬದ ಸುತ್ತ ಜನವೋ ಜನ. ಉಪ್ಪಿನಕಾಯಿ ಜಾಡಿಗಳು ಬರಿದಾಗಿ ಬೋರಲು ಬಿದ್ದಿದ್ದವು. ಅಕ್ಕನನ್ನೂ ಎತ್ತಿ ತಂದು ಕೂರಿಸಿದ್ದರು.

"ಯಾರನ್ನ ಒಪ್ಪಿದೆ?" ಅಂದ ಯಜಮಾನ.

ಅವಳು ಬಾಯಿ ತೆರೆಯುವಷ್ಟರಲ್ಲಿ ಆ ದಿಕ್ಕಿನಿಂದ ಕಹಳೆ, ಈ ದಿಕ್ಕಿನಿಂದ ಗಂಟೆ, ಹಿಂದಿನಿಂದ ಹೆಜ್ಜೆಯ ಸದ್ದು, ಮುಂದಿನಿಂದ ಗದ್ದಲ. ನಾಲ್ಕು ದಿಬ್ಬಣ. ಮುತ್ತಿನ ಝೂಲು ಹೊದ್ದ ಆನೆಯ ಮೇಲೆ ದೊರೆ. ತಲೆಯ ಮೇಲೆ ದೇವರ ಪಾದುಕೆ ಹೊತ್ತ ಅರ್ಚಕ. ಪರದೆ ಬಿಟ್ಟ ಬೂದು ಪಲ್ಲಕ್ಕಿ. ಆಮೇಲೆ ಧೂಳೆಬ್ಬಿಸಿಕೊಂಡು, ಯಾರು ಮುಂದೆ ನಡೀಬೇಕು ಅಂತ ಕಿತ್ತಾಡಿಕೊಂಡು, ಗದ್ದಲದವರು.

ಎಲ್ಲರದೂ ಒಂದೇ ಮಾತು: "ನಮ್ಮಲ್ಲಿ ತುತ್ತು ತಿಂದಿದಾಳೆ. ಸಂಬಂಧ ಒಪ್ಪಿದ ಹಾಗೆ."

ಊರು ತಿರುಗಿ ಅವಳನ್ನು ನೋಡಿತು. ಅಂಥ ಹಗರಣ ಆ ಊರು ಕಂಡಿರಲಿಲ್ಲ. ಹೊಟ್ಟೆ ಹಸಿದದ್ದೇ ಜನಕ್ಕೆ ಮರೆತುಹೋಯಿತು. ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಮುಂದೆ ನುಗ್ಗಿದರು.

"ನಾಲ್ಕೂ ಕಡೆ ತಿಂದೆಯಾ?" ಅಂದ ಯಜಮಾನ.

"ಒಂದೊಂದೇ ತುತ್ತು."

"ಒಂದು ಊರನ್ನ ನಾಲ್ಕು ಕಡೆ ಕೊಟ್ಟುಬಿಟ್ಟೆಯಲ್ಲೇ. ನಿಮ್ಮಕ್ಕ ಒಂದೇ ಕಡೆ ಕೊಟ್ಟು ಕೆಟ್ಟಳು."

ಯಾರೋ ಅವಳ ಸೆರಗು ಹಿಡಿದರು. ಗಂಟು ಬಿಚ್ಚಿದರು. ಕೊಂಬು ಯಜಮಾನನ ಮುಷ್ಟಿಗೆ ಬಂತು, ಹೊಸದು, ಗಟ್ಟಿಯಾದದ್ದು. ಅದರ ವಾಸನೆ ಅವಳ ಮೂಗಿಗೆ ಹೊಡೆಯಿತು. ಅಕ್ಕನ ಹಳದಿ ತುಟಿ ಕಣ್ಣೆದುರಿಗಿತ್ತು. ಕಲ್ಲುಕಂಬವೂ ಕಣ್ಣೆದುರಿಗಿತ್ತು. ಹಿಂದಿನ ಗಂಡಂದಿರ ದಾರಗಳು ಬಿಗಿದು ಬಿಗಿದು ಕಲ್ಲಿನ ಕೊರಳಲ್ಲೇ ಗೀರು ಬಿದ್ದಿತ್ತು. ಯಜಮಾನನ ಹೆಂಡತಿ ಆ ಗಲಾಟೆಯಲ್ಲೂ ಮನೆ ಅಳಿಯನನ್ನು ಬೈಯುತ್ತಿದ್ದಳು: "ಬಾಯಿ ಬಿಟ್ಕೊಂಡು ಏನು ನೋಡ್ತೀರಿ, ಛತ್ರಿ ಹಿಡೀರಿ."

ನಡುವಿನವಳ ಕಣ್ಣು ಕಂಬದಿಂದ ಛತ್ರಿಗೆ ಹೋಯಿತು, ಛತ್ರಿಯಿಂದ ಅಳಿಯನಿಗೆ ಹೋಯಿತು, ಅಲ್ಲೇ ನಿಂತಿತು.

"ತಡೀರಿ," ಅಂದಳು. "ತಿಂದದ್ದು ನಿಜ. ಸಂಬಂಧ ಒಪ್ಪಿದ್ದೂ ನಿಜ. ಆದರೆ ಊರನ್ನ ಕೊಡ್ತೀನಿ ಅಂತ ಯಾವಳು ಹೇಳಿದ್ದು? ನಮಗೆ ಬೇಕಾಗಿರೋದು ಮನೆ ಅಳಿಯ."

ಕಹಳೆ ನಿಂತಿತು.

"ಚಪ್ಪಲಿ ಹೆಬ್ಬಾಗಿಲಲ್ಲೇ ಬಿಡಬೇಕು. ಒಳಗೆ ಬಂದು ಅಡುಗೆ ಮಾಡಬೇಕು. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣಬೇಕು. ಅಡುಗೆಮನೆಗೆ ಬಾಗಿಲು ಇಲ್ಲ. ದಾರ ಅವನು ಕಟ್ಟೋದಲ್ಲ, ನಾವು ಕಟ್ಟೋದು. ಜಾರುಗಂಟು ಹಾಕ್ತೀವಿ, ಅದರ ತುದಿ ನಮ್ಮ ಕೈಲಿರುತ್ತೆ. ಸರಿಹೋಗಲಿಲ್ಲವೋ, ಎಳೆದುಬಿಡ್ತೀವಿ, ಗಂಟುಮೂಟೆ ಕಟ್ಕೊಂಡು ಹೋಗ್ತಾ ಇರಬೇಕು. ಯಾರು ಇರ್ತೀರೋ ಇಳೀರಿ."

ದೊರೆ ಆನೆಯ ಮೇಲಿಂದಲೇ ಕೇಳಿದ, "ನಾನು ಸೌಟು ಹಿಡೀಬೇಕಾ?" ಕೇಳಿದ ರೀತಿಗೆ ಆನೆಯೇ ತಿರುಗಿ ನಿಂತಿತು. ಅರ್ಚಕ, ದೇವರು ಅಡುಗೆ ಮಾಡುವುದಿಲ್ಲ, ಉಣ್ಣುತ್ತಾನೆ ಅಷ್ಟೇ ಅಂದ. "ಹಾಗಾದರೆ ಪೂಜೆ ಮಾಡ್ತೀವಿ, ಮದುವೆ ಬೇಡ," ಅಂದಳು ನಡುವಿನವಳು, ಪಾದುಕೆಗೆ ಕೈಮುಗಿದು ಕಳಿಸಿಕೊಟ್ಟಳು. ಪಲ್ಲಕ್ಕಿಯ ಪರದೆ ಅಲುಗಲೇ ಇಲ್ಲ.

"ಒಳಗೆ ಯಾರಿದೀರಿ?" ಅಂತ ಕೇಳಿದಳು.

"ಎಲ್ಲರೂ," ಅಂದಿತು ಒಂದು ದನಿ.

"ಎಲ್ಲರೂ ಇದ್ದರೆ ಒಬ್ಬರಾದರೂ ಇಳೀರಿ, ಮುಖ ನೋಡೋಣ."

ಯಾರೂ ಇಳಿಯಲಿಲ್ಲ. ಪಲ್ಲಕ್ಕಿ ಬಂದ ಹಾಗೇ ಹೋಯಿತು. ಅದು ಹೋದ ದಾರಿಯುದ್ದಕ್ಕೂ ತುಪ್ಪದ ವಾಸನೆ ಉಳಿಯಿತು. ಇದನ್ನು ಮಾತ್ರ ಈ ಸಲ ಎಲ್ಲರೂ ಮೂಸಿದರು.

ಉಳಿದವರು ಗದ್ದಲದವರು. ಅವರಲ್ಲಿ ಗಂಡು ಯಾರು ಅಂತ ಕೇಳಿದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಲೆಯ ಮುದುಕಿ ಮುಂದೆ ಬಂದು ಒಂದು ಬರೀ ಸೌಟು ಚಾಚಿದಳು. "ಗಂಡು ತಂದಿಲ್ಲ ಕಣಮ್ಮ. ಗಂಡನ್ನ ಹೊರಗಿಂದ ತರಬೇಕು ಅಂತ ನಿಮಗ್ಯಾರು ಹೇಳಿದ್ದು? ಸೌಟು ತಗೊಳ್ಳಿ. ಯಾರ ಕೈಗೆ ಕೊಡಬೇಕೋ ನೀವೇ ಕೂತು ಜಗಳ ಆಡಿ."

ಊರಿಗೆ ಜಗಳ ಆಡಿ ಗೊತ್ತಿರಲಿಲ್ಲ. ಆದರೆ ಒಮ್ಮೆ ಶುರುವಾದ ಮೇಲೆ ಏನು ಸೊಗಸು. ದಿಂಬಿನ ಕಾಲದಿಂದ ನುಂಗಿಟ್ಟ ಮಾತೆಲ್ಲ ಹೊರಗೆ ಬಂತು. ಅಗಸಗಿತ್ತಿ ಯಜಮಾನನನ್ನು ಕೇಳಬಾರದ್ದು ಕೇಳಿದಳು. ಯಜಮಾನ ತನಗೇ ಸೌಟು ಬರುತ್ತೆ ಅಂತ ಪಂಚೆ ಸರಿಮಾಡಿಕೊಂಡು ನಿಂತಿದ್ದ; ಅವನಿಗೆ ಎದ್ದದ್ದು ಅವನದೇ ಎರಡು ಕೈ. ಕಡೆಗೆ ಹೆಂಗಸರ ಕಡೆಯಿಂದ ಒಂದು ದನಿ: "ಅಳಿಯಂದಿರಿಗೆ ಕೊಡಿ. ಅವರು ಬಡಿಸೋದು ನೋಡಿದೀವಿ." ಕೈಗಳು ಎದ್ದವು. ಯಜಮಾನನ ಹೆಂಡತಿಯ ಕೈಯೂ ಎದ್ದಿತ್ತು, ಆಮೇಲೆ ಅವಳು ಇಲ್ಲ ಅಂದಳು.

ಹೆಂಗಸರು ಕಂಬಕ್ಕೆ ದಾರ ಸುತ್ತಿ, ಜಾರುಗಂಟು ಹಾಕಿ, ತುದಿಯನ್ನು ಕೈಯಿಂದ ಕೈಗೆ ದಾಟಿಸಿಕೊಂಡರು. ದಾರದ ಇನ್ನೊಂದು ಎಳೆಯನ್ನು ಅಳಿಯನ ಮಣಿಕಟ್ಟಿಗೆ ಕಟ್ಟಿದರು. ಅವನು ಚಪ್ಪಲಿ ಬಿಟ್ಟ. ಅಷ್ಟೇ ಸಾಕಾಯಿತು. ಕೇರಿ ಕೇರಿಯಲ್ಲಿ ಭುಗ್ ಭುಗ್ ಅಂತ ಒಲೆಗಳು ಹೊತ್ತಿಕೊಂಡವು. ಅರ್ಧಕ್ಕೆ ಕೂತಿದ್ದ ಹಾಲು ಎಲ್ಲೋ ಒಂದು ಮನೆಯಲ್ಲಿ ಉಕ್ಕಿ ಚೆಲ್ಲಿದ ವಾಸನೆ ಬಂತು.

ಈಗ ಅಳಿಯ ಒಳ್ಳೆಯವನು, ಸಾಧು ಅಂತ ತಿಳಿಯಬೇಡಿ. ಸೌಟು ಕೈಗೆ ಬಂದ ಕೂಡಲೇ ಅವನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಛತ್ರಿಯನ್ನು ಪಕ್ಕದವನ ಕೈಗೆ ಕೊಟ್ಟು, ತನ್ನ ತಲೆಯ ಮೇಲೆ ಹಿಡಿಯಲು ಹೇಳಿದ. ಎದೆ ಒಂದು ಗೇಣು ಉಬ್ಬಿತ್ತು. ಸಾರು ಕುದಿಸುವಾಗ ಯಾರಾದರೂ ಇಣುಕಿದರೆ ಹುಬ್ಬು ಗಂಟು ಹಾಕುತ್ತಿದ್ದ. ನಡುವಿನವಳು ಎಲ್ಲ ನೋಡುತ್ತಿದ್ದಳು. ಅವಳ ಕೊಂಬು ಇನ್ನೂ ಯಜಮಾನನ ಮುಷ್ಟಿಯಲ್ಲೇ ಇತ್ತು.

ಕಂಬದ ಸುತ್ತ ಎಲೆ ಹಾಕಿದರು. ಊರಿನ ಎಲೆಗೆಲ್ಲ ಬಿಸಿ ಅನ್ನ ಬಿತ್ತು, ಸಾರು ಬಿತ್ತು. ಅಕ್ಕನಿಗೆ ಮೊದಲ ತುತ್ತು. ಅವಳು ಬಾಯಿಂದ ಕೊಂಬು ತೆಗೆದಳು. ಹಲ್ಲಿನ ಗುರುತುಗಳು ಅದರಲ್ಲಿ ಆಳವಾಗಿ ಕೂತಿದ್ದವು. ತುತ್ತು ಬಾಯಿಗಿಟ್ಟು ಅಗಿದಳು, ನಿಧಾನವಾಗಿ, ಕಣ್ಣುಮುಚ್ಚಿ. ಅವಳ ದನಿ ಹೇಗಿತ್ತು ಅನ್ನೋದೇ ಜನಕ್ಕೆ ಮರೆತಿತ್ತು.

"ಸಾರಿಗೆ ಉಪ್ಪು ಸಾಲದು," ಅಂದಳು ಅಕ್ಕ.

ಅಳಿಯನ ಮುಖಕ್ಕೆ ರಕ್ತ ನುಗ್ಗಿತು. ಸೌಟು ಹಿಡಿದ ಕೈ ಮೇಲೆದ್ದಿತು. "ಸರಿಯಾಗಿದೆ" ಅನ್ನೋ ಮಾತು ಅವನ ತುಟಿಯ ತನಕ ಬಂದದ್ದನ್ನು ನಡುವಿನವಳು ಕಣ್ಣಾರೆ ಕಂಡಳು. ಪಂಕ್ತಿಯಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಆಗಲೇ ತಲೆ ತಗ್ಗಿಸಿದ್ದರು, ಅಭ್ಯಾಸಬಲ. ಆಗ ದಾರ ಸ್ವಲ್ಪ ಬಿಗಿಯಾಯಿತು. ಎಳೆಯಲಿಲ್ಲ, ಬರೀ ಬಿಗಿಯಾಯಿತು. ಅಳಿಯ ತನ್ನ ಮಣಿಕಟ್ಟು ನೋಡಿದ, ದಾರದ ಗುಂಟ ಕಣ್ಣು ಹರಿಸಿದ, ಅದರ ತುದಿ ಹಿಡಿದ ಸಾಲು ಸಾಲು ಕೈಗಳನ್ನು ನೋಡಿದ. ಸೌಟು ಇಳಿಸಿದ. ಒಳಗೆ ಹೋದ.

ಗೊಣಗುತ್ತಾ ಹೋದ, ಅದು ಬೇರೆ ಮಾತು. ಉಪ್ಪಿನ ಮರಿಗೆ ಹಿಡಿದು ಬಂದ. ಸಾರು ಇನ್ನೂ ಹಬೆಯಾಡುತ್ತಿತ್ತು.

ಯಜಮಾನ ಮುಷ್ಟಿ ಬಿಚ್ಚಿದ. ಕೊಂಬು ನೆಲಕ್ಕೆ ಬಿತ್ತು, ಒಂದು ಕೋಳಿ ಅದನ್ನು ಕುಕ್ಕಿ ಬಿಟ್ಟಿತು. ನಾಲಿಗೆ ಉಳಿಯಿತು ಅಂತ ನಡುವಿನವಳಿಗೆ ಆಗ ಮೈ ಜುಮ್ಮೆಂದಿತು. ಆನೆಯ ಊರಿನ ಖಾರದ ಪಾಯಸ, ಕಿಂಡಿಯ ತುಪ್ಪ, ಸೌಟಿನವನ ನಾದಿನಿಯ ಮೂಗುಬೊಟ್ಟು, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. ಅವಳು ಎಲೆ ಸರಿಸಿ, ಕಾಲು ಮಡಚಿ, ಮಾತಾಡಲು ಹದವಾಗಿ ಕೂತಳು.

"ಅಕ್ಕಾ, ಕೇಳು, ಆ ಆನೆಯ ಊರಲ್ಲಿ..."

"ನಿನ್ನದು ಆಮೇಲೆ," ಅಂದಳು ಅಕ್ಕ. "ಹುಳಿಯೂ ಒಂಚೂರು ಮುಂದಾಗಿದೆ ಈ ಸಾರಿಗೆ. ಅದಿರಲಿ, ಆ ಮಂತ್ರಿ ದಿಂಬಿಗೆ ಎಣ್ಣೆ ಒತ್ತುತ್ತಿದ್ದದ್ದು ನಾನು ನಮ್ಮ ಜಗಲಿಯಿಂದಲೇ ನೋಡ್ತಿದ್ದೆ, ಹೇಳೋಣ ಅಂದರೆ ಬಾಯಲ್ಲಿ ಕೊಂಬು. ಮತ್ತೆ ರಾಣಿ..."

ಹೆಂಗಸರು ದಾರದ ತುದಿಯನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯಲ್ಲಿ ಉಣ್ಣುತ್ತಾ, ಹತ್ತಿರ ಹತ್ತಿರ ಸರಿದರು. ನಡುವಿನವಳು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಅವಳ ಸರದಿ ಇನ್ನೂ ಬಂದಿಲ್ಲ.